ಅತಿಥಿಯ ಎಡಗಡೆ

ಮಾರ್ಚ್ 3, ಸೋಮವಾರ

ಇವತ್ತು ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಏನಾಯ್ತೇ ನಿನಗೆ, ಯಾಕೆ ಹೀಗೆ ಅತ್ತಿಂದಿತ್ತ ಓಡಾಡ್ತಿದ್ದೀಯ?" ಎಂದು ಅಮ್ಮ ಆಗಲೇ ಎರಡು ಸಲ ಕೇಳಿದಳು. ಹೇಳುವ ಹಾಗಿಲ್ಲ, ಗುಟ್ಟು. ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ಅದಕ್ಕೇ ಬೀರುವಿನಿಂದ ಈ ಹಳೆಯ ಡೈರಿ ಹುಡುಕಿ ತೆಗೆದೆ. ಇದಕ್ಕಂತೂ ಬಾಯಿಲ್ಲ.

ಬೆಳಿಗ್ಗೆ ಎಂದಿನಂತೆ ಠಾಣೆಯ ನೆಲಮಾಳಿಗೆಯಲ್ಲಿ, ಕಳೆದುಹೋದ ವಸ್ತುಗಳ ಕೌಂಟರಿನ ಹಿಂದೆ ನಿಂತಿದ್ದೆ. ಒಬ್ಬ ಅಜ್ಜ ತಮ್ಮ ಕೊಡೆ ಹುಡುಕಿಕೊಂಡು ಬಂದಿದ್ದರು. ಯಾವ ಬಣ್ಣ ಎಂದರೆ ಕಪ್ಪು ಎಂದರು. ನನ್ನ ಹತ್ತಿರ ಇರುವುದೆಲ್ಲ ಕಪ್ಪು ಕೊಡೆಗಳೇ. ಒಂದೊಂದನ್ನೇ ಬಿಚ್ಚಿ ತೋರಿಸುತ್ತಿದ್ದಾಗ ಮೇಲಿಂದ ಕರೆ ಬಂತು. ಹೋದರೆ ಇನ್‌ಸ್ಪೆಕ್ಟರ್ ಸೀಟಿ ನನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದರು. ಸೀಟಿ ಎಂಬುದು ಅವರ ಹೆಸರಲ್ಲ, ಕೊರಳಲ್ಲಿ ಸದಾ ನೇತಾಡುವ ಸಾಮಾನು. ನಿಜವಾದ ಹೆಸರು ಠಾಣೆಯಲ್ಲಿ ಈಗ ಯಾರಿಗೂ ನೆನಪಿಲ್ಲ.

"ಎತ್ತರ ಸರಿ ಇದೆ. ನಡಿ ನೋಡೋಣ," ಎಂದರು.

ನಡೆದೆ.

"ಇನ್ನೂ ನಿಧಾನ. ಅರವತ್ತು ದಾಟಿದವರ ಹಾಗೆ."

ಹಾಗೆಯೇ ನಡೆದು ತೋರಿಸಿದೆ.

"ಆಯ್ತು. ಇವತ್ತಿಂದ ನೀನೇ ಅಧ್ಯಕ್ಷೆ."

ವಿಷಯ ಇಷ್ಟು. ಪಕ್ಕದ ದೇಶದ ಅಧ್ಯಕ್ಷೆ ಇದೇ ಇಪ್ಪತ್ತನೇ ತಾರೀಖು ನಮ್ಮ ಊರಿಗೆ ಬರುತ್ತಾರೆ. ಪುರಭವನದಲ್ಲಿ ಒಂದು ಸಹಿ, ಒಂದು ಭಾಷಣ, ಮತ್ತೆ ವಿಮಾನ. ಅವರದೇ ಅಂಗರಕ್ಷಕ ಜೊತೆಯಲ್ಲಿ ಇರುತ್ತಾನೆ, ಆದರೆ ಕಾರಿನಿಂದ ಪುರಭವನದ ಬಾಗಿಲವರೆಗಿನ ಮೆಟ್ಟಿಲುಗಳ ಮೇಲೆ ಅವರನ್ನು ಸುತ್ತುವರಿದು ನಡೆಯಬೇಕಾದವರು ನಮ್ಮವರು. ಅದಕ್ಕೆ ತಾಲೀಮು ಬೇಕು. ತಾಲೀಮಿಗೆ ಬದಲಿ ಅತಿಥಿಯೊಬ್ಬಳು ಬೇಕು. ಅವಳು ನಾನು!

ಇನ್ನೂ ಇದೆ. ಇದು ಸುಸೂತ್ರವಾಗಿ ಮುಗಿದರೆ ನಮ್ಮ ಠಾಣೆಯಲ್ಲೇ ಕಾಯಂ ಭದ್ರತಾ ದಳ ಶುರುವಾಗುತ್ತದಂತೆ. ಜನರನ್ನು ಆರಿಸುವವರು ಸೀಟಿಯವರೇ. ನನಗೆ ಮೂವತ್ತಾರು. ಒಂಟಿ ಷೂ, ಒಂಟಿ ಕೈಗವಸು, ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಕಟ್ಟಿಸಿದ ಹಲ್ಲು, ಇವನ್ನು ಕಾಯುತ್ತ ಕೂರುವ ಕೆಲಸದಿಂದ ಆಚೆ ಬರಲು ನನಗಿರುವ ಬಾಗಿಲು ಇದೊಂದೇ. ಆ ದಳ ನಾನು ಸೇರಲೇಬೇಕು. ಸೇರಿಯೇ ಸೇರುತ್ತೇನೆ.

ಮಾರ್ಚ್ 4, ಮಂಗಳವಾರ

ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಗಂಟು. ಆದರೂ ಉತ್ಸಾಹಕ್ಕೇನೂ ಕಡಿಮೆಯಿಲ್ಲ.

ಪುರಭವನದ ಹಿಂದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮೆಟ್ಟಿಲು ಎಂದುಕೊಂಡಿದ್ದೇವೆ. ಕಾರು ಮಾತ್ರ ನಿಜವಾದದ್ದು. ನನಗೆ ಒಂದು ಉದ್ದನೆಯ ಬೂದು ಕೋಟು ತೊಡಿಸಿದ್ದಾರೆ, ಅಧ್ಯಕ್ಷೆ ತೊಡುವಂಥದ್ದು. ನನ್ನ ಮುಂದೆ ನಡೆಯುವವನು ಒಬ್ಬ ಉದ್ದನೆಯವನು, ನನ್ನ ಹಿಂದೆ ಸದಾ ಕೆಮ್ಮುವ ಒಬ್ಬ, ಕಾರಿನಲ್ಲಿ ಚಾಲಕ. ಬಲಗಡೆ ಅಧ್ಯಕ್ಷೆಯ ಸ್ವಂತ ಅಂಗರಕ್ಷಕನ ಜಾಗ, ಸದ್ಯಕ್ಕೆ ಖಾಲಿ. ಎಡಗಡೆ ಗೋಡೆ.

ಗೋಡೆ ಎಂದರೆ ಮನುಷ್ಯನೇ. ಸಂಚಾರ ವಿಭಾಗದಿಂದ ಕರೆತಂದಿದ್ದಾರೆ. ಅವನು ಪಕ್ಕದಲ್ಲಿ ನಿಂತರೆ ಆ ಕಡೆಯ ಬೀದಿಯೇ ಕಾಣುವುದಿಲ್ಲ. ಮಾತೂ ಇಲ್ಲ, ನಗೆಯೂ ಇಲ್ಲ. ಹತ್ತಿರ ಬಂದರೆ ಲವಂಗದ ವಾಸನೆ. ಸೀಟಿಯವರು ಸೀಟಿ ಊದಿದರೆ ಅಪಾಯ ಎಂದು ಅರ್ಥ. ಆಗ ಗೋಡೆ ನನ್ನ ತಲೆ ಬಗ್ಗಿಸಿ ಕಾರಿನೊಳಗೆ ತಳ್ಳಬೇಕು, ಕಾರು ದೂರವಿದ್ದರೆ ನನ್ನನ್ನು ನೆಲಕ್ಕೆ ಕೆಡವಿ ಮೇಲೆ ಕವುಚಿಕೊಳ್ಳಬೇಕು. ಮೊದಲ ಸೀಟಿಗೇ ನನ್ನ ತಲೆಯನ್ನು ಕಾರಿನ ಬಾಗಿಲ ಚೌಕಟ್ಟಿಗೆ ಢಣ್ ಎನ್ನಿಸಿದ. ನಕ್ಷತ್ರ ಕಂಡವು.

"ಕ್ಷಮಿಸಿ," ಎಂದ. ಇಡೀ ದಿನಕ್ಕೆ ಅದೊಂದೇ ಮಾತು.

ಇಂಥ ಮರದ ಕೊರಡನ್ನು ಅಧ್ಯಕ್ಷೆಯ ಪಕ್ಕ ನಿಲ್ಲಿಸಿದರೆ ಆಕೆಯನ್ನು ಕೊಲ್ಲಲು ಬೇರೆ ಯಾರೂ ಬೇಕಾಗಿಲ್ಲ.

ಮಾರ್ಚ್ 6, ಗುರುವಾರ

ಇವತ್ತಿನಷ್ಟು ನಾನು ನಕ್ಕು ಎಷ್ಟು ಕಾಲವಾಯಿತೋ!

ಅಧ್ಯಕ್ಷೆಯ ಗುಣಸ್ವಭಾವ ತಿಳಿಸುವ ಕಾಗದ ಅವರ ಕಚೇರಿಯಿಂದ ಬಂದಿದೆ. ಸೀಟಿಯವರು ಅದನ್ನು ಓದಿ ತಲೆ ಚಚ್ಚಿಕೊಂಡರು. "ಹಠಮಾರಿ ಹೆಂಗಸು ಕಣಯ್ಯಾ. ಇದ್ದಕ್ಕಿದ್ದ ಹಾಗೆ ನಿಂತುಬಿಡ್ತಾರಂತೆ. ಜನರ ಹತ್ತಿರ ಹೋಗ್ತಾರಂತೆ. ಏನೋ ನೆನಪಾಗಿ ಹಿಂದೆ ತಿರುಗ್ತಾರಂತೆ." ಆಮೇಲೆ ನನ್ನ ಕಡೆ ನೋಡಿ, "ನೀನೂ ಇವರನ್ನ ಸತಾಯಿಸು. ಎಷ್ಟು ಸತಾಯಿಸ್ತೀಯೋ ಅಷ್ಟು ಒಳ್ಳೇದು," ಎಂದರು.

ಸರ್ಕಾರಿ ಕೆಲಸದಲ್ಲಿ ಇಂಥ ಆಜ್ಞೆ ಯಾರಿಗೆ ಸಿಗುತ್ತದೆ? ನಾನು ಷೂ ದಾರ ಕಟ್ಟಲು ಬಗ್ಗಿದೆ. ಪಾರಿವಾಳ ನೋಡಲು ಓಡಿದೆ. ಗಾಜು ಒರೆಸುತ್ತಿದ್ದವನಿಗೆ ಕೈ ಬೀಸಿದೆ, ಅವನು ಪಾಪ ಬಟ್ಟೆಯನ್ನೇ ಕೆಳಗೆ ಬಿಟ್ಟ. ಕಾರು ಇಳಿದವಳು ಮತ್ತೆ ಹತ್ತಿ, ಆ ಕಡೆಯ ಬಾಗಿಲಿನಿಂದ ಇಳಿದೆ. ಉದ್ದನೆಯವನು ನಾನು ಹಿಂದೆ ಬರುತ್ತಿದ್ದೇನೆಂದುಕೊಂಡು ಒಬ್ಬನೇ ಗತ್ತಿನಿಂದ ಪುರಭವನದ ಹಿಂಬಾಗಿಲವರೆಗೆ ಹೋಗಿ, ಬಾಗಿಲು ತೆರೆದು, ಗಾಳಿಗೆ ಸಲಾಮು ಹೊಡೆದ. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಸೀಟಿಯವರು ಊದಲು ಹೋಗಿ ನಗು ಬಂದು ಸೀಟಿ ಪುಸ್ ಎಂದಿತು.

ಎಲ್ಲರಿಂದಲೂ ತಪ್ಪಿಸಿಕೊಂಡೆ, ಗೋಡೆಯಿಂದ ಮಾತ್ರ ಆಗಲಿಲ್ಲ. ಯಾವ ಕಡೆ ತಿರುಗಿದರೂ ನನ್ನ ಮೂಗು ಅವನ ಎದೆಯ ಗುಂಡಿಗೆ ತಾಗುತ್ತದೆ. ನಾಳೆ ನೋಡೋಣ.

ಮಾರ್ಚ್ 8, ಶನಿವಾರ

ಕೆಲಸದಿಂದ ಬಂದವಳು ಮನೆಯ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದೆನಂತೆ. ಅಮ್ಮ ಕಿಟಕಿಯಿಂದ ಬಗ್ಗಿ ಕೇಳಿದಳು: "ಕೀ ಕಳಕೊಂಡ್ಯಾ? ಯಾಕೆ ಹಾಗೆ ನಿಂತಿದ್ದೀಯ?"

ಯಾರಾದರೂ ಬಂದು ತೆರೆಯಲಿ ಎಂದು ಕಾಯುತ್ತಿದ್ದೆ ಎಂದು ಹೇಗೆ ಹೇಳುವುದು! ಈಗೀಗ ಬಸ್ಸಿನಲ್ಲೂ ಎಡಗಡೆ ಖಾಲಿ ಖಾಲಿ ಅನ್ನಿಸುತ್ತದೆ. ಅಭ್ಯಾಸದ ಬಲ.

ಒಂದು ಒಳ್ಳೆಯ ಸುದ್ದಿ. ಮೊದಲ ದಿನದ ನಂತರ ನನ್ನ ತಲೆ ಕಾರಿಗೆ ತಾಗಿಲ್ಲ. ಗೋಡೆ ಈಗ ಒಂದು ಕೈಯಿಂದ ನನ್ನನ್ನು ಬಗ್ಗಿಸುವಾಗ ಇನ್ನೊಂದು ಕೈಯನ್ನು ಬಾಗಿಲ ಚೌಕಟ್ಟಿಗೆ ಅಡ್ಡ ಇಡುತ್ತಾನೆ. ಅವನ ಬೆರಳ ಗಿಣ್ಣುಗಳೆಲ್ಲ ತರಚಿವೆ. ಆಗಬೇಕಾದ್ದೇ.

ಮಾರ್ಚ್ 11, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ.

ಇವತ್ತು ಗೋಡೆಯಿಂದ ತಪ್ಪಿಸಿಕೊಂಡೇ ತೀರುತ್ತೇನೆಂದು ಪಣ ತೊಟ್ಟಿದ್ದೆ. ನಿಂತೆ, ಓಡಿದೆ, ಓಡಿದಂತೆ ಮಾಡಿ ನಿಂತೆ. ಆಗಲಿಲ್ಲ. ನಾನು ನಿಲ್ಲುವ ಮೊದಲೇ ಅವನು ನಿಂತಿರುತ್ತಾನೆ! ಚಹಾ ಹೊತ್ತಿನಲ್ಲಿ ತಡೆಯಲಾರದೆ ಕೇಳಿದೆ.

"ನಿಮಗೆ ಹೇಗ್ರೀ ಗೊತ್ತಾಗುತ್ತೆ?"

ಅವನು ಲೋಟದೊಳಗೆ ನೋಡುತ್ತ ಹೇಳಿದ: "ನಿಲ್ಲೋಕೆ ಮುಂಚೆ ನೀವು ಬಲಗೈ ಹೆಬ್ಬೆರಳನ್ನ ಒಳಗೆ ಮಡಚ್ತೀರ. ತಿರುಗೋಕೆ ಮುಂಚೆ ಉಸಿರು ಬಿಡ್ತೀರ. ಶಬ್ದ ಆದ್ರೆ ಒಂದು ಹೆಜ್ಜೆ ಹಿಂದೆ ಇಡ್ತೀರ."

"ಓಡೋಕೆ ಮುಂಚೆ?"

"ಓಡೋಕೆ ಮುಂಚೆ ನಗು ಬರುತ್ತೆ ನಿಮಗೆ. ತಡ್ಕೊಳ್ತೀರ."

ಕಳ್ಳತನ ಸಿಕ್ಕಿಬಿದ್ದ ಹಾಗಾಯಿತು. ಮೂವತ್ತಾರು ವರ್ಷದಿಂದ ನನ್ನ ಹೆಬ್ಬೆರಳು ಏನು ಮಾಡುತ್ತದೆಂದು ಹೆತ್ತ ಅಮ್ಮನಿಗೆ ಗೊತ್ತಿಲ್ಲ, ನನಗೇ ಗೊತ್ತಿಲ್ಲ. ಇವನು ಯಾರು ಅದನ್ನು ನೋಡಲು? ಎಂಥ ಅಧಿಕಪ್ರಸಂಗ! ಇಡೀ ಮಧ್ಯಾಹ್ನ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಡೆದೆ. ಅಧ್ಯಕ್ಷೆ ಹಾಗೆ ನಡೆಯುವುದಿಲ್ಲ ಎಂದು ಸೀಟಿಯವರು ಬೈದರು.

ಈಗ ಬರೆಯುತ್ತ ಬರೆಯುತ್ತ ಹೆಬ್ಬೆರಳನ್ನು ನೋಡಿದೆ. ಸಾಧಾರಣ ಹೆಬ್ಬೆರಳು. ಉಗುರು ಸ್ವಲ್ಪ ಸೊಟ್ಟ.

ಮಾರ್ಚ್ 13, ಗುರುವಾರ

ಗೋಡೆ ಬಂದಿಲ್ಲ. ಹಲ್ಲು ಕೀಳಿಸಲು ಹೋಗಿದ್ದಾನಂತೆ. ಲವಂಗದ ಕಾರಣ ಈಗ ತಿಳಿಯಿತು. ಅವನ ಬದಲಿಗೆ ಬಂದವನು ನನ್ನ ಕಾಲು ತುಳಿದ. ತಾಲೀಮಿನಲ್ಲಿ ಸ್ವಾರಸ್ಯವೇ ಇರಲಿಲ್ಲ.

ಮಾರ್ಚ್ 14, ಶುಕ್ರವಾರ

ಬಂದ. ಒಂದು ಕೆನ್ನೆ ಊದಿ, ಗೋಡೆ ಇನ್ನೂ ದಪ್ಪವಾಗಿದೆ. ಬೇಕರಿಯವನು ಮೆತ್ತನೆಯ ಬ್ರೆಡ್ಡು ಒಂದು ಹೆಚ್ಚಾಗಿ ಕಟ್ಟಿಬಿಟ್ಟಿದ್ದ. ದಂಡವಾಗಬಾರದಲ್ಲ ಎಂದು ಅವನಿಗೆ ಕೊಟ್ಟೆ. ಹಾಲಿನಲ್ಲಿ ನೆನೆಸಿಕೊಂಡರೆ ನೋಯುವುದಿಲ್ಲ ಎಂದೂ ಹೇಳಿದೆ. ಸಹೋದ್ಯೋಗಿ ಎಂದಮೇಲೆ ಅಷ್ಟು ಹೇಳಬೇಕಾಗುತ್ತದೆ.

ಇವತ್ತು ಸೀಟಿ ಊದುವ ಬದಲು ಪಟಾಕಿ ಹೊಡೆದರು. ಸೀಟಿಗೆ ಒಗ್ಗಿಹೋಗಿದ್ದೀರಿ, ನಿಜವಾದ ಅಪಾಯಕ್ಕೆ ಯಾರೂ ಸೀಟಿ ಊದಲ್ಲ ಎಂದರು. ಅದೂ ಸರಿಯೇ. ಪಟಾಕಿ ಸಿಡಿಯುವುದು, ಗೋಡೆ ಕವುಚಿಕೊಳ್ಳುವುದು, ಉದ್ದನೆಯವನು ಅಡ್ಡ ಬರುವುದು, ಕೆಮ್ಮಿನವನು ಬೆನ್ನಿಗೆ ಬೆನ್ನು ಕೊಡುವುದು, ಚಾಲಕ ಬಾಗಿಲು ತೆರೆಯುವುದು, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ. ನಾವು ಒಂದೇ ಮೈಯ ಕೈಕಾಲುಗಳಾಗಿದ್ದೇವೆ. ಸೀಟಿಯವರು ಮೊದಲ ಸಲ ಭೇಷ್ ಎಂದರು.

ಮಾರ್ಚ್ 18, ಮಂಗಳವಾರ

ದೇವರೇ, ದೇವರೇ, ದೇವರೇ!

ಅಧ್ಯಕ್ಷೆಯ ಕಚೇರಿಯಿಂದ ಇವತ್ತು ಬೆಳಿಗ್ಗೆ ಹೊಸ ಬೇಡಿಕೆ ಬಂತು: ಕಾರಿನ ಹಿಂಬಾಗಿಲು ತೆರೆದು ಹಿಡಿಯಲು ಮಹಿಳಾ ಪೊಲೀಸ್ ಬೇಕು. ಸೀಟಿಯವರು ಸುತ್ತ ಒಮ್ಮೆ ಕಣ್ಣಾಡಿಸಿ, "ನೀನೇ ನಿಂತ್ಕೊ. ಆ ಕಾರಿನ ಬಾಗಿಲು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು. ಆಮೇಲೆ ಮೆಲ್ಲಗೆ, "ತಪ್ಪಿಲ್ಲದೆ ಮುಗಿಸು. ದಳದಲ್ಲಿ ಮೊದಲ ಹೆಸರು ನಿನ್ನದೇ," ಎಂದರು.

ಮೊದಲ ಹೆಸರು! ಇನ್ನು ಗುಟ್ಟೇನು, ಅಧ್ಯಕ್ಷೆ ಬರುವ ಸುದ್ದಿ ಪತ್ರಿಕೆಯಲ್ಲೇ ಬಂದಾಯಿತು. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಾಯಿಗೆ ಬೆರಳಿಟ್ಟುಕೊಂಡು ಕೇಳಿ, ಕೊನೆಗೆ, "ಅಧ್ಯಕ್ಷೆಗೆ ಮಕ್ಕಳೆಷ್ಟಂತೆ?" ಎಂದಳು. ಎಲ್ಲಿಂದ ಎಲ್ಲಿಗೆ ಹೋದರೂ ಅಮ್ಮ ಅಲ್ಲಿಗೇ ಬಂದು ನಿಲ್ಲುತ್ತಾಳೆ.

ಕೊನೆಯ ತಾಲೀಮಿನಲ್ಲೂ ಅತಿಥಿ ನಾನೇ. ಹೊಸಬಳಿಗೆ ಕಲಿಸಲು ಹೊತ್ತಿಲ್ಲ ಎಂದರು. ನಾಡಿದ್ದು ನಾನು ನಿಲ್ಲಬೇಕಾದ ಜಾಗದಲ್ಲಿ, ಕಾರಿನ ಬಾಗಿಲ ಪಕ್ಕ, ನನ್ನ ಬದಲಿಗೆ ಒಂದು ಕುರ್ಚಿ ಇಟ್ಟಿದ್ದರು. ಕುರ್ಚಿ ತನ್ನ ಕೆಲಸ ಚೊಕ್ಕವಾಗಿ ಮಾಡಿತು.

ಮುಗಿದ ಮೇಲೆ ಬೂದು ಕೋಟು ಮಡಚಿ ವಾಪಸು ಕೊಟ್ಟೆ. ಗೋಡೆ ನೋಡುತ್ತಿದ್ದ. "ಇನ್ನು ನೀವು ಆಕೇನ ನೋಡ್ಕೋಬೇಕು," ಎಂದೆ.

"ಹೂಂ," ಎಂದ.

"ಆಕೆ ಹೆಬ್ಬೆರಳು ಮಡಚೋದಿಲ್ವೇನೋ."

"ನೋಡ್ಬೇಕು," ಎಂದ.

ಮಾರ್ಚ್ 20, ಗುರುವಾರ

ಆದಷ್ಟು ಬರೆಯುತ್ತೇನೆ.

ಬೀದಿಯ ಎರಡೂ ಕಡೆ ಜನ. ಪುರಭವನದ ಎದುರು ಛಾಯಾಗ್ರಾಹಕರ ಸಾಲು, ಎತ್ತರದ ಕಂಬಗಳ ಮೇಲೆ ದೊಡ್ಡ ದೀಪಗಳು. ಕಾರು ಬಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ನನ್ನ ಮುಂದೆ ನಿಂತಿತು. ಬಾಗಿಲು ತೆರೆದೆ. ಅಧ್ಯಕ್ಷೆ ಇಳಿದರು. ನನ್ನಷ್ಟೇ ಎತ್ತರ, ಬಿಳಿ ಕೂದಲು, ಅದೇ ಬೂದು ಕೋಟು. ನನ್ನ ಮುಖ ನೋಡಿ ನಕ್ಕರು. ನನ್ನನ್ನು ನೋಡಿ! ಉದ್ದನೆಯವನು ಮುಂದೆ, ಕೆಮ್ಮಿನವನು ಹಿಂದೆ, ಅವರ ಅಂಗರಕ್ಷಕ ಬಲಕ್ಕೆ, ಗೋಡೆ ಎಡಕ್ಕೆ. ನಾಲ್ಕಾರು ಮೆಟ್ಟಿಲು ಹತ್ತಿದರು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ನನ್ನ ಎಡಗಡೆ ಗೋಡೆಯಿಲ್ಲದೆ ಅವರು ಹತ್ತುವುದನ್ನು ನೋಡುವುದು ಹೇಗೋ ಹೇಗೋ ಅನ್ನಿಸಿತು.

ಅಷ್ಟರಲ್ಲಿ ಢಮ್ ಎಂದಿತು.

ದೀಪದ ಬುರುಡೆ ಸಿಡಿದದ್ದು, ಬೇರೇನೂ ಅಲ್ಲ. ಆದರೆ ಅದು ನಮಗೆಲ್ಲ ಗೊತ್ತಾದದ್ದು ಆಮೇಲೆ. ಢಮ್ ಎಂದ ಕೂಡಲೇ ಗೋಡೆ ಅಧ್ಯಕ್ಷೆಯ ಪಕ್ಕದಿಂದ ತಿರುಗಿ, ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಇಳಿದು, ನನ್ನ ಮೇಲೆ ಬಿದ್ದ. ನನ್ನ ಮೇಲೆ! ಬಾಗಿಲು ಹಿಡಿಯಲು ನಿಂತ ಪೊಲೀಸಿನವಳ ಮೇಲೆ! ಅಲ್ಲಿ ಮೇಲೆ ಅಧ್ಯಕ್ಷೆ ಕೈಯಲ್ಲಿ ಹೂಗುಚ್ಛ ಹಿಡಿದು ಎಡಗಡೆ ಯಾರೂ ಇಲ್ಲದೆ ನಿಂತಿದ್ದರು. ಅವರ ಅಂಗರಕ್ಷಕ ಬಲಗಡೆಯಿಂದ ಬಂದು ತಬ್ಬಿಕೊಂಡ, ಪುಣ್ಯಕ್ಕೆ.

"ತಲೆಗೆ ತಾಗ್ಲಿಲ್ಲ ತಾನೆ?" ಎಂದು ಗೋಡೆ ನನ್ನ ಕಿವಿಯ ಹತ್ತಿರ ಕೇಳಿದ. ಆಮೇಲೆ ಅವನಿಗೆ ಅರ್ಥವಾಯಿತು. ಅಷ್ಟು ದೊಡ್ಡ ಮುಖ ಅಷ್ಟು ಬೇಗ ಬಿಳುಚಿಕೊಂಡದ್ದನ್ನು ನಾನು ಎಂದೂ ನೋಡಿಲ್ಲ.

ಅಧ್ಯಕ್ಷೆ ಅಂಗರಕ್ಷಕನ ತೋಳಿನ ಸಂದಿನಿಂದ ಬಗ್ಗಿ ನಮ್ಮಿಬ್ಬರನ್ನೂ ನೋಡಿದರು. ದುಭಾಷಿ ಜೋರಾಗಿ ಕೇಳಿದ: "ಆ ಹೆಣ್ಣುಮಗಳು ಕ್ಷೇಮ ತಾನೆ ಅಂತ ಅಧ್ಯಕ್ಷೆ ಕೇಳ್ತಿದ್ದಾರೆ." ಜನ ನಕ್ಕರು. ಅಧ್ಯಕ್ಷೆಯೂ ನಗುತ್ತಲೇ ಒಳಗೆ ಹೋದರು. ಉಳಿದದ್ದೆಲ್ಲ ಸಲೀಸಾಗಿ ಮುಗಿಯಿತು.

ಸೀಟಿಯವರು ನಗಲಿಲ್ಲ. ಸಂಜೆ ಗೋಡೆಯ ಬೆಲ್ಟು, ಗುರುತಿನ ಬಿಲ್ಲೆ ತೆಗೆದಿಟ್ಟುಕೊಂಡರು. ಅವನು ತಾನೇ ಬಿಚ್ಚಿಕೊಟ್ಟ.

ಮಾರ್ಚ್ 21, ಶುಕ್ರವಾರ

ಪತ್ರಿಕೆಯ ಮೊದಲ ಪುಟದಲ್ಲಿ ಚಿತ್ರ: ಮೇಲೆ ಅಧ್ಯಕ್ಷೆ, ಕೆಳಗೆ ನಾನು, ನನ್ನ ಮೇಲೆ ಗೋಡೆ. "ಇಬ್ಬರಲ್ಲಿ ಅತಿಥಿ ಯಾರು?" ಎಂದು ತಲೆಬರಹ.

ಸೀಟಿಯವರು ಕರೆದು ಕೂರಿಸಿದರು. ಸೋಮವಾರ ಮೇಲಧಿಕಾರಿ ಬಂದು ವಿಚಾರಣೆ ಮಾಡುತ್ತಾರಂತೆ. "ನೀನು ನಿನ್ನ ಜಾಗದಲ್ಲಿ ಕದಲದೆ ನಿಂತಿದ್ದೆ. ಅವನು ತಲೆಕೆಟ್ಟು ಓಡಿಬಂದ. ಇಷ್ಟೇ ಹೇಳು. ಅವನನ್ನ ಕೆಲಸದಿಂದ ತೆಗೀತಾರೆ, ವಿಷಯ ಅಲ್ಲಿಗೆ ಮುಗಿಯುತ್ತೆ. ದಳದ ವಿಚಾರ ನನಗೆ ಬಿಡು."

ಸರಿ ಎಂದು ಬಂದೆ. ಸುಳ್ಳೇನೂ ಅಲ್ಲವಲ್ಲ. ನಾನು ಕದಲಲಿಲ್ಲ, ಅವನು ಓಡಿಬಂದ.

ಮನೆಯಲ್ಲಿ ಅಮ್ಮ ಕನ್ನಡಕ ಏರಿಸಿ ಚಿತ್ರವನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದಳು. "ಇವನ್ಯಾರೇ?"

"ಯಾರೋ. ಸಹೋದ್ಯೋಗಿ."

"ಇವನ ಕೈ ನೋಡು. ನಿನ್ನ ತಲೆ ಕಲ್ಲಿಗೆ ತಾಗದ ಹಾಗೆ ಅಡಿಗೆ ಇಟ್ಟಿದಾನೆ."

"ತರಬೇತಿನೇ ಹಾಗಿರುತ್ತಮ್ಮ."

"ಹೌದಾ," ಎಂದಳು ಅಮ್ಮ. ಅವಳ ಆ ಹೌದಾ ನನಗೆ ಇಷ್ಟವಾಗುವುದಿಲ್ಲ.

ಅವಳು ಮಲಗಲು ಹೋದ ಮೇಲೆ ನಾನೂ ಚಿತ್ರ ನೋಡಿದೆ. ಕೈ ಇದೆ, ನಿಜ. ಆದರೆ ಕಣ್ಣಿಗೆ ಬಿದ್ದದ್ದು ಬೇರೆ. ಚಿತ್ರದ ಅಂಚಿನಲ್ಲಿ ಉದ್ದನೆಯವನು ಇದ್ದಾನೆ. ಅವನ ಮೂಗು ಅಧ್ಯಕ್ಷೆಯ ಕಡೆ ಇಲ್ಲ. ನನ್ನ ಕಡೆ ಇದೆ. ಕೆಮ್ಮಿನವನ ಒಂದು ಕಾಲು ಆಗಲೇ ಮೆಟ್ಟಿಲಿಂದ ಕೆಳಗೆ, ನನ್ನ ಕಡೆಗೆ. ಗೋಡೆ ಎಲ್ಲರಿಗಿಂತ ಬೇಗ ಬಂದ, ಅಷ್ಟೇ.

ಮಾರ್ಚ್ 24, ಸೋಮವಾರ

ಹೇಳಿಬಿಟ್ಟೆ. ಬಾಯಿಗೆ ಬೀಗ ಹಾಕಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ.

ವಿಚಾರಣಾಧಿಕಾರಿ ಒಬ್ಬ ಹೆಂಗಸು. ಕುಳ್ಳಗೆ, ದಪ್ಪ ಕನ್ನಡಕ, ನಗದ ಮುಖ. ಕೋಣೆಯಲ್ಲಿ ಅವರು, ಸೀಟಿಯವರು, ನಾನು ಮೂವರೇ. ನನ್ನನ್ನು ಮೊದಲು ಕೇಳಿದರು. "ಅವನು ಯಾಕೆ ಹಾಗೆ ಮಾಡಿದ?"

ಸೀಟಿಯವರು ನನ್ನನ್ನೇ ನೋಡುತ್ತಿದ್ದರು. ಕದಲದೆ ನಿಂತಿದ್ದೆ, ತಲೆಕೆಟ್ಟು ಓಡಿಬಂದ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ಅವನು ಕಲಿತದ್ದನ್ನೇ ಮಾಡಿದ, ಮೇಡಂ. ನಾವು ಎರಡು ವಾರ ತಾಲೀಮು ಮಾಡಿದ್ವಿ, ಅಷ್ಟೂ ದಿನ ಅತಿಥಿ ನಾನೇ. ಯಾರನ್ನ ಕಾಯಬೇಕೋ ಅವರ ನಡಿಗೆ, ನಿಲುವು, ಉಸಿರು ಎಲ್ಲಾ ಮೈಗೆ ಇಳೀಬೇಕು ಅಂತ ಹೇಳಿಕೊಟ್ರು. ಇಳೀತು. ಆದ್ರೆ ಅದು ನನ್ನದು. ಶಬ್ದ ಆದಾಗ ಅವರ ಮೈ ನನ್ನನ್ನ ಹುಡುಕ್ತು. ಅವನೊಬ್ಬನೇ ಅಲ್ಲ, ನಾಲ್ವರೂ ಹಾಗೇ. ದಿನಕ್ಕೊಬ್ಬರನ್ನ ಅತಿಥಿ ಮಾಡಿದ್ರೆ ಹೀಗಾಗ್ತಿರ್ಲಿಲ್ಲ. ತಪ್ಪು ತಾಲೀಮಿನದು."

ತಾಲೀಮು ಯಾರದು ಎಂದು ಬೇರೆ ಹೇಳಬೇಕೇ! ಸೀಟಿಯವರ ಮುಖ ಕೆಂಪಾಯಿತು. ಅಧಿಕಾರಿಣಿ ನನ್ನನ್ನು ಕಿಟಕಿಯ ಪಕ್ಕ ನಿಲ್ಲಲು ಹೇಳಿ, ನಾಲ್ವರನ್ನೂ ಒಳಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ನಾನು ಏನು ಹೇಳಿದೆನೆಂದು ಅವರಿಗೆ ಗೊತ್ತಿಲ್ಲ. ಬಂದು ಕೂರುವಾಗ ಗೋಡೆ ತಲೆಯೆತ್ತಲಿಲ್ಲ. ಬೆಲ್ಟಿಲ್ಲದ ಸಮವಸ್ತ್ರದಲ್ಲಿ ಅವನನ್ನು ನೋಡಲಾಗಲಿಲ್ಲ.

ಅಧಿಕಾರಿಣಿ ಏನೇನೋ ಕೇಳುತ್ತ ಎದ್ದು ಓಡಾಡುತ್ತಿದ್ದರು. ಬೆಂಚಿನ ಹಿಂದೆ ಒಂದು ಹಳೆಯ ಕಬ್ಬಿಣದ ಬೀರು ಇತ್ತು. ಅದರ ಬಾಗಿಲು ಹಿಡಿದು ಶಕ್ತಿಯಿದ್ದಷ್ಟೂ ಬಡಿದರು.

ಅಬ್ಬಾ! ಮುಂದೆ ಏನಾಯಿತೆಂದು ನನಗೆ ಕಾಣಲಿಲ್ಲ, ಏಕೆಂದರೆ ನನ್ನ ಮೇಲೆ ಗೋಡೆ ಇದ್ದ. ಅವನು ಸ್ವಲ್ಪ ಸರಿದಾಗ ನೋಡಿದರೆ ಉದ್ದನೆಯವನು ನಮ್ಮಿಬ್ಬರಿಗೂ ಅಡ್ಡ ನಿಂತಿದ್ದ. ಕೆಮ್ಮಿನವನು ಬೆನ್ನು ಕೊಟ್ಟಿದ್ದ. ಚಾಲಕ ಹೋಗಿ ಕೋಣೆಯ ಬಾಗಿಲನ್ನು ಹಾರುಹೊಡೆದು ಹಿಡಿದುಕೊಂಡಿದ್ದ. ಸೀಟಿಯವರ ಸೀಟಿ ಬಾಯಲ್ಲಿತ್ತು. ಮೇಜಿನ ಮೇಲಿದ್ದ ನೀರಿನ ಲೋಟ ನೆಲದ ಮೇಲೆ ಉರುಳುತ್ತಿತ್ತು.

"ಈ ಕೋಣೇಲಿ ಹ್ಯಾಗೂ ದೊಡ್ಡ ಅಧಿಕಾರಿ ನಾನೇ," ಎಂದರು ಆಕೆ ಬೀರುವಿನ ಪಕ್ಕದಿಂದ. "ನಿಮಗೆಲ್ಲ ಹತ್ತಿರ ಇದ್ದವಳೂ ನಾನೇ. ನನ್ನನ್ನ ಕಾಪಾಡೋಕೆ ಒಬ್ರೂ ಬರ್ಲಿಲ್ಲ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಕ್ಕಾಬಿಕ್ಕಿಯಾದರು. ಅಧಿಕಾರಿಣಿ ನಕ್ಕಿದ್ದು ಆಗಲೇ. ಗೋಡೆಗೆ ಬೆಲ್ಟು ವಾಪಸು. ಇನ್ನು ಮುಂದೆ ತಾಲೀಮಿಗೆ ದಿನಕ್ಕೊಬ್ಬ ಅತಿಥಿ ಎಂದು ಆಜ್ಞೆ. ಸೀಟಿಯವರು ನನ್ನನ್ನು ದಾಟಿ ಹೋದರು, ಮಾತಾಡಿಸಲಿಲ್ಲ.

ಗೆದ್ದೆ! ಅದು ಬರೀ ಅಭ್ಯಾಸ, ಬೇರೇನೂ ಅಲ್ಲ, ನಾಲ್ವರಲ್ಲಿ ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು ಎಂದು ಎಲ್ಲರೆದುರು ಸಾಬೀತು ಮಾಡಿಬಂದೆ. ಹಿಗ್ಗಿನಿಂದ ಕುಣಿಯಬೇಕು. ಯಾಕೋ ಊಟ ಸೇರಲಿಲ್ಲ.

ಮಾರ್ಚ್ 26, ಬುಧವಾರ

ಮತ್ತೆ ಕೌಂಟರು. ಆ ಅಜ್ಜ ಬಂದಿದ್ದರು. ಅವರ ಕೊಡೆ ಸಿಗಲಿಲ್ಲ, ಬೇರೆಯದೇ ಒಂದು ಮೆಚ್ಚಿಕೊಂಡರು. ಕೊಡುವ ಹಾಗಿಲ್ಲ ಎಂದೆ.

ಮಾರ್ಚ್ 28, ಶುಕ್ರವಾರ

ಎಲ್ಲಿಂದ ಶುರುಮಾಡಲಿ?

ಮಧ್ಯಾಹ್ನ ಬಗ್ಗಿ ಕಪಾಟು ಒರೆಸುತ್ತಿದ್ದೆ. ಕೌಂಟರಿನ ಮೇಲೆ ಬೆಳಕು ಕಡಿಮೆಯಾಯಿತು. ತಲೆಯೆತ್ತಿದರೆ ಗೋಡೆ. ಬೆಲ್ಟು ಕಟ್ಟಿಕೊಂಡಿದ್ದ. ಲವಂಗದ ವಾಸನೆ ಇರಲಿಲ್ಲ. ಜೇಬಿನಿಂದ ಒಂದು ಬೂದು ಕೈಗವಸು ತೆಗೆದು ನನ್ನ ಮುಂದಿಟ್ಟ.

"ಆವತ್ತು ಮೆಟ್ಟಿಲ ಮೇಲೆ ಸಿಕ್ತು. ಅಧ್ಯಕ್ಷೆಯದು. ನಿಮ್ಮಲ್ಲಿ ಕೊಡ್ಬೇಕಲ್ವಾ?"

"ಇಷ್ಟು ದಿನ ಯಾಕೆ ಇಟ್ಕೊಂಡಿದ್ರಿ?"

"ಧೈರ್ಯ ಆಗ್ಲಿಲ್ಲ."

ಕೈಗವಸು ಕೊಡಲು ಧೈರ್ಯ ಯಾಕೆ ಬೇಕೋ! ಚೀಟಿ ಬರೆದು ಕಟ್ಟಿದೆ. ಅವನು ಹೋಗಲಿಲ್ಲ. ಕಪಾಟಿನಲ್ಲಿದ್ದ ಕೊಡೆಗಳನ್ನೆಲ್ಲ ನೋಡಿ ಮುಗಿಸಿದ.

"ವಿಚಾರಣೆ ಕೋಣೇಲಿ," ಎಂದ ಕೊನೆಗೆ. "ನಾನು ಬೆಂಚಿನ ತುದೀಲಿ ಕೂತಿದ್ನಲ್ಲ. ಎದುರಿಗಿದ್ದ ಕಿಟಕಿ ಗಾಜಲ್ಲಿ ಎಲ್ಲಾ ಕಾಣ್ತಿತ್ತು. ಮೇಡಂ ಬೀರು ಬಾಗಿಲಿಗೆ ಕೈ ಹಾಕಿದ್ದೂ ಕಾಣ್ತು. ಬಡೀತಾರೆ ಅಂತ ಮೊದಲೇ ಗೊತ್ತಾಯ್ತು."

ನನ್ನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. "ಅಂದ್ರೆ ಅದು ಅಭ್ಯಾಸ ಅಲ್ವಾ?"

"ಅವರು ಮೂವರದು ಅಭ್ಯಾಸ."

"ಮತ್ತೆ ನಿಮಗೆ ಬುದ್ಧಿ ಬೇಡ್ವಾ? ಸುಮ್ನೆ ಕೂತಿರ್ಬೇಕಿತ್ತು! ಇನ್ನೊಂದು ಸಲ ನನ್ನ ಮೇಲೆ ಬಿದ್ರೆ ಕೆಲಸ ಹೋಗುತ್ತೆ ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು."

"ಮತ್ತೆ?"

ಅವನು ತನ್ನ ತರಚಿದ ಗಿಣ್ಣುಗಳನ್ನು ನೋಡಿಕೊಂಡ. "ಶಬ್ದ ಆದ್ರೆ ನೀವು ಒಂದು ಹೆಜ್ಜೆ ಹಿಂದೆ ಇಡ್ತೀರ. ಹಿಂದೆ ಕಿಟಕಿ ಬಾಗಿಲು ತೆರೆದಿತ್ತು. ಅದರ ಮೂಲೆ ತಲೆಗೆ ತಾಗುತ್ತೆ ಅನ್ನಿಸ್ತು."

ಅಳು ಬಂದ ಹಾಗೆ, ನಗು ಬಂದ ಹಾಗೆ, ಎರಡೂ ಒಟ್ಟಿಗೆ. ಅಷ್ಟೊಂದು ದಿನ ಓಡಿ ಓಡಿ ತಪ್ಪಿಸಿಕೊಳ್ಳಲು ನೋಡಿದೆನಲ್ಲ, ಎಂಥ ದಡ್ಡಿ ನಾನು.

"ಭಾನುವಾರ ನಿಮಗೆ ರಜಾನಾ?" ಎಂದು ಕೇಳಿದ. "ಸುಮ್ನೆ ಒಂದು ಸುತ್ತು ನಡೆದು ಬರ್ಬಹುದಿತ್ತು. ಸೀಟಿ ಇಲ್ದೆ."

ಹೆಬ್ಬೆರಳು ಕಾಣಬಾರದೆಂದು ಎರಡೂ ಕೈಗಳನ್ನು ಕೌಂಟರಿನ ಕೆಳಗೆ ಇಟ್ಟುಕೊಂಡೆ. "ಯೋಚ್ನೆ ಮಾಡಿ ಹೇಳ್ತೀನಿ," ಎಂದೆ.

"ಸರಿ, ಹಾಗಾದ್ರೆ ನಾಲ್ಕು ಗಂಟೆಗೆ," ಎಂದು ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು. ಹಲ್ಲು ಕಿತ್ತ ಜಾಗ ಕಾಣಿಸುತ್ತದೆ. ನಾನು ಉಸಿರು ಬಿಟ್ಟೆನೋ, ನಗು ತಡೆದುಕೊಂಡೆನೋ, ಏನು ಕಂಡನೋ ಯಾರಿಗೆ ಗೊತ್ತು.

ಭಾನುವಾರ ಸಂಜೆ ಮನೆಯಲ್ಲಿರುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ಕನ್ನಡಕದ ಮೇಲಿಂದ ನೋಡಿ, "ತಲೆ ಕೆಳಗೆ ಕೈ ಇಟ್ಟಿದ್ನಲ್ಲ, ಅವನಾ?" ಎಂದಳು. ಹೂಂ ಎಂದೆ. "ಹೌದಾ," ಎಂದಳು. ಈ ಸಲದ ಹೌದಾ ಪರವಾಗಿಲ್ಲ.

ನೀಲಿ ಅಂಗಿಯ ಗುಂಡಿ ಹೊಲಿಯಬೇಕು. ಯಾವ ಚಪ್ಪಲಿ ಎಂದು ನಾಳೆ ನೋಡಬೇಕು, ಎತ್ತರದ್ದು ಬೇಡ, ಅವನಿಗೆ ನನ್ನ ನಡಿಗೆ ಗೊತ್ತಾಗದೆ ಹೋದೀತು. ಬೇಗ ಮಲಗಬೇಕು. ನಿದ್ದೆ ಎಲ್ಲಿಂದ ಬರಬೇಕು!

ಅಯ್ಯೋ, ಬರೆಯುವುದೇ ಮರೆತಿದ್ದೆ. ಬೆಳಿಗ್ಗೆ ಠಾಣೆಯ ಫಲಕದಲ್ಲಿ ಭದ್ರತಾ ದಳದ ಹೆಸರುಗಳನ್ನು ಹಾಕಿದರು. ನನ್ನದು ಇರಲಿಲ್ಲ.